ಫುಗು ಊಟಕ್ಕೆ ಕರೆದಿದ್ದಾರೆ, ಏನು ನೋಡಿಕೊಳ್ಳಬೇಕು?

ಪ್ರಶ್ನೆ: ಆಫೀಸ್ ಕೆಲಸಕ್ಕೆ ಜಪಾನಿನ ಒಸಾಕಾಗೆ ಹೋಗ್ತಿದೀನಿ. ಅಲ್ಲಿನವರು ಫುಗು ಅನ್ನೋ ವಿಷದ ಮೀನಿನ (ಪಫರ್ ಮೀನು) ಊಟಕ್ಕೆ ಕರೆದಿದ್ದಾರೆ. ಅದರ ವಿಷ ಮೈಗೆ ಏನು ಮಾಡುತ್ತೆ? ಎಡವಟ್ಟಾದರೆ ಏನು ಮಾಡಬೇಕು? ಗೊತ್ತಿರುವವರು ಹೇಳಿ.

ಶರೀರಕ್ರಿಯಾಶಾಸ್ತ್ರದ ಮೇಷ್ಟ್ರು: ವಿಷದ ಹೆಸರು ಟೆಟ್ರೊಡೊಟಾಕ್ಸಿನ್. ನರದಲ್ಲಿ ಸಂದೇಶ ಸಾಗಬೇಕಾದರೆ ಸೋಡಿಯಂ ಅಯಾನುಗಳು ನರದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳಾದ ಚಾನೆಲ್‌ಗಳಿಂದ ಒಳನುಗ್ಗಬೇಕು. ಈ ಅಣು ಹೊರಗಡೆಯಿಂದ ಬಂದು ಚಾನೆಲ್ ಬಾಯಿಗೆ ಬಿರಡೆಯ ಹಾಗೆ ಕೂತುಬಿಡುತ್ತೆ. 1964ರಲ್ಲಿ ತೋಷಿಯೊ ನರಹಾಶಿ ತಂಡ ಇದನ್ನು ಸಿಗಡಿ ಜಾತಿಯ ಲಾಬ್‌ಸ್ಟರ್ ನರದಲ್ಲಿ ತೋರಿಸಿತು. ಹೃದಯದ ಮುಖ್ಯ ಸೋಡಿಯಂ ಚಾನೆಲ್ ಇದಕ್ಕೆ ಸುಲಭವಾಗಿ ಬಗ್ಗಲ್ಲ, ಮಿದುಳಿನೊಳಕ್ಕೂ ವಿಷ ಅಷ್ಟಾಗಿ ಇಳಿಯಲ್ಲ. ಆದ್ದರಿಂದಲೇ ಎಚ್ಚರ ಇದ್ದಂತೆಯೇ ಕೈಕಾಲು ಬೀಳುತ್ತೆ, ಕೊನೆಗೆ ಉಸಿರಾಡಿಸುವ ಸ್ನಾಯುವಾದ ವಪೆ ನಿಲ್ಲುತ್ತೆ.

ಐಸಿಯು ವೈದ್ಯೆ: ಸಾಮಾನ್ಯವಾಗಿ 10ರಿಂದ 45 ನಿಮಿಷದಲ್ಲಿ ತುಟಿ, ನಾಲಿಗೆ ಜುಮುಗುಟ್ಟುತ್ತೆ, ಕೆಲವರಿಗೆ ಗಂಟೆಗಳು ಹಿಡಿಯುತ್ತೆ. ಆಮೇಲೆ ವಾಂತಿ, ಮಾತು ತೊದಲುವುದು, ಬಿಪಿ ಇಳಿಯುವುದು. ಪ್ರತಿವಿಷ ಇಲ್ಲ. ಉಸಿರಾಟ ಬಿದ್ದುಹೋಗುವ ಮೊದಲೇ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಬೇಕು. ಆಕ್ಸಿಜನ್ ಅಂಕಿ ಚೆನ್ನಾಗಿದೆ ಅಂತ ಕಾಯುವುದು ತಪ್ಪು, ಅದು ಇಳಿಯುವುದು ಕೊನೆಗೆ. ಇನ್ನೊಂದು ಮಾತು: ಕಣ್ಣಿನ ಪಾಪೆ ಹಿಗ್ಗಿ ಅಲುಗದೆ ನಿಂತರೂ ಮಿದುಳು ಸತ್ತಿದೆ ಅಂತ ತೀರ್ಮಾನಿಸಬಾರದು. ರೋಗಿಗೆ ಎಲ್ಲ ಕೇಳಿಸುತ್ತಿರಬಹುದು, ನಿದ್ದೆ ಔಷಧಿ ಕೊಡಿ. ಮೊದಲ 24 ಗಂಟೆ ದಾಟಿದವರು ಬಹುತೇಕ ಚೇತರಿಸಿಕೊಳ್ತಾರೆ.

ಪ್ರಶ್ನೆ ಕೇಳಿದವರು: ಚೆನ್ನಾಗಿ ಬೇಯಿಸಿದರೆ ವಿಷ ಹೋಗಲ್ವಾ ಮೇಡಂ?

ಮೀನು ಸಂಸ್ಕರಣೆಯವರು: ಇಲ್ಲ ಸರ್. ಕುದಿಸಿದರೂ, ಫ್ರೀಜ್ ಮಾಡಿದರೂ ಹೋಗಲ್ಲ. ಪಿತ್ತಜನಕಾಂಗ, ಅಂಡಾಶಯಗಳಲ್ಲಿ ವಿಷ ಜಾಸ್ತಿ, ಹಲವು ಜಾತಿಗಳಲ್ಲಿ ಚರ್ಮದಲ್ಲೂ ಇರುತ್ತೆ. 1975ರಲ್ಲಿ ಕಬುಕಿ ಅನ್ನೋ ಜಪಾನಿ ರಂಗಕಲೆಯ ನಟ ಎಂಟನೇ ಬಂದೊ ಮಿತ್ಸುಗೊರೊ ಕ್ಯೋಟೊದಲ್ಲಿ ತೀರಿಕೊಂಡದ್ದು ಪಿತ್ತಜನಕಾಂಗ ತಿಂದೇ. ಈಗ ಹೋಟೆಲಲ್ಲಿ ಅದನ್ನು ಬಡಿಸುವಂತಿಲ್ಲ. ಲೈಸೆನ್ಸ್ ಇರುವ ಕಡೆ ಮಾಂಸ ಮಾತ್ರ ತಿನ್ನಿ. ಯಾರೋ ಹವ್ಯಾಸಕ್ಕೆ ಹಿಡಿದು ಮನೆಯಲ್ಲಿ ಕೊಯ್ದದ್ದನ್ನು ಎಷ್ಟೇ ಒತ್ತಾಯ ಮಾಡಿದರೂ ಬೇಡ ಅನ್ನಿ.

ಇನ್ನೊಬ್ಬರು: ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದಲ್ವಾ?

ಐಸಿಯು ವೈದ್ಯೆ: ಬೇಡವೇ ಬೇಡ. ಗಂಟಲಿನ ಸ್ನಾಯು ಸೋತಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತೆ. ತುಟಿ ಜುಮುಗುಟ್ಟಿದ ಕೂಡಲೇ ಜಪಾನಿನ ಆಂಬ್ಯುಲೆನ್ಸ್ ನಂಬರ್ 119ಕ್ಕೆ ಫೋನ್ ಮಾಡಿ, ‘ಫುಗು’ ಅಂತ ಹೇಳಿ, ತಿಂದ ಹೊತ್ತು ತಿಳಿಸಿ. ಮಗ್ಗುಲಾಗಿ ಮಲಗಿಸಿ. ಉಸಿರು ನಿಂತರೆ ಆಂಬ್ಯುಲೆನ್ಸ್ ಬರುವ ತನಕ ಬಾಯಿಂದ ಉಸಿರು ಕೊಡ್ತಾನೇ ಇರಿ. ನಾಡಿಯೂ ಸಿಗದಿದ್ದರೆ ಎದೆ ಒತ್ತುವುದನ್ನೂ ಶುರು ಮಾಡಿ.