ಕಂಪ್ಯೂಟರ್ ಜೊತೆಗೇ ಬಂದಿರುವ ಮೆಸೇಜಿಂಗ್ ತಂತ್ರಾಂಶವನ್ನು ನಿಲ್ಲಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಮ್ಮ ಮನೆಯಲ್ಲಿರುವುದು ವಿಂಡೋಸ್ 11 ಹೋಮ್ ಆವೃತ್ತಿಯ ಕಂಪ್ಯೂಟರ್. ಕೊಂಡಾಗಲೇ ಅದರಲ್ಲಿದ್ದ ಒಂದು ಮೆಸೇಜಿಂಗ್ ತಂತ್ರಾಂಶವನ್ನು ನಮ್ಮಲ್ಲಿ ಯಾರೂ ಬಳಸುವುದಿಲ್ಲ, ಅದಕ್ಕಾಗಿ ಖಾತೆಯನ್ನೂ ತೆರೆದಿಲ್ಲ. ಆದರೂ ಕಂಪ್ಯೂಟರ್ ಆನ್ ಮಾಡಿದ ಒಂದೆರಡು ನಿಮಿಷಗಳಲ್ಲಿ ಲಾಗಿನ್ ಆಗುವಂತೆ ಕೇಳುವ ಅದರ ವಿಂಡೋ ತಾನಾಗಿಯೇ ತೆರೆದುಕೊಳ್ಳುತ್ತದೆ.

ಈ ಕಂಪ್ಯೂಟರನ್ನು ಹೆಚ್ಚಾಗಿ ಬಳಸುವವರು ನಮ್ಮ ತಾಯಿ. ಅವರು ಪರದೆಯನ್ನು ನೋಡದೆ, ಕೀಬೋರ್ಡಿನ ಮೇಲೆಯೇ ಕಣ್ಣಿಟ್ಟು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಾರೆ. ಮೊನ್ನೆ ಪತ್ರವೊಂದನ್ನು ಬರೆಯುತ್ತಿದ್ದಾಗ ಈ ವಿಂಡೋ ನಡುವೆ ಬಂದದ್ದು ಅವರ ಗಮನಕ್ಕೆ ಬರಲಿಲ್ಲ. ತಲೆಯೆತ್ತಿ ನೋಡುವಷ್ಟರಲ್ಲಿ ಎರಡು ಸಾಲುಗಳು ಪತ್ರಕ್ಕೆ ಸೇರುವ ಬದಲು ಇಮೇಲ್ ವಿಳಾಸ ಕೇಳುವ ಚೌಕದೊಳಗೆ ಹೋಗಿ ಕುಳಿತಿದ್ದವು. ತಾವೇ ಏನೋ ಕೆಡಿಸಿದೆವೆಂದು ಗಾಬರಿಯಾಗಿ ಅವರು ಕಂಪ್ಯೂಟರನ್ನೇ ಆಫ್ ಮಾಡಿಬಿಟ್ಟರು. ಅಂದಿನಿಂದ ಅದರ ಮುಂದೆ ಕೂರಲು ಹಿಂಜರಿಯುತ್ತಿದ್ದಾರೆ. ಅದಕ್ಕಾಗಿಯೇ ಇದನ್ನು ಸರಿಪಡಿಸಲೇಬೇಕೆಂದು ಹೊರಟಿದ್ದೇನೆ.

ಮೇಲಿನ ಮೂಲೆಯ ಇಂಟು ಗುರುತನ್ನು ಒತ್ತಿ ಮುಚ್ಚಿದೆ, ಟಾಸ್ಕ್‌ಬಾರಿನಿಂದ ಅದರ ಚಿಹ್ನೆಯನ್ನು ತೆಗೆದೆ, ಟಾಸ್ಕ್ ಮ್ಯಾನೇಜರಿಗೆ ಹೋಗಿ ಬಲವಂತವಾಗಿ ನಿಲ್ಲಿಸಿಯೂ ನೋಡಿದೆ. ಮರುದಿನ ಮತ್ತೆ ಬಂದಿತು. ಕೊನೆಗೆ ಅದರ ಫೋಲ್ಡರನ್ನೇ ಹುಡುಕಿ ಅಳಿಸಲು ಹೊರಟಾಗ ನಿಮಗೆ ಅನುಮತಿ ಇಲ್ಲ ಎಂಬ ಸೂಚನೆ ಬಂದಿತು. ಅನುಮತಿಯನ್ನು ಹೇಗಾದರೂ ಪಡೆದು ಅಳಿಸುವುದು ಸರಿಯೇ? ಹಾಗೆ ಮಾಡಿದರೆ ಬೇರೆ ತಂತ್ರಾಂಶಗಳಿಗೆ ತೊಂದರೆಯಾಗುವುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1

ಫೋಲ್ಡರನ್ನು ಕೈಯಾರೆ ಅಳಿಸಬೇಡಿ. ಅದರ ಅಗತ್ಯವೂ ಇಲ್ಲ. ಚಿಹ್ನೆಯನ್ನು ಮರೆಮಾಡುವುದು ಬೇರೆ, ತಂತ್ರಾಂಶವು ತಾನಾಗಿ ಶುರುವಾಗದಂತೆ ಮಾಡುವುದು ಬೇರೆ, ಕಂಪ್ಯೂಟರಿನಿಂದ ತೆಗೆದುಹಾಕುವುದು ಬೇರೆ. ನೀವು ಈವರೆಗೆ ಮಾಡಿದ್ದರಲ್ಲಿ ಟಾಸ್ಕ್‌ಬಾರಿನ ಕೆಲಸವು ಮರೆಮಾಡಿದ್ದಷ್ಟೇ. ಟಾಸ್ಕ್ ಮ್ಯಾನೇಜರಿನ ಕೆಲಸವು ಆ ಹೊತ್ತಿಗೆ ಮಾತ್ರ ನಿಲ್ಲಿಸಿದ್ದು. ಇನ್ನು ಇಂಟು ಗುರುತಿನ ವಿಷಯ: ಇಂತಹ ಬಹಳಷ್ಟು ತಂತ್ರಾಂಶಗಳು ಅದನ್ನು ಒತ್ತಿದರೂ ಮುಗಿಯುವುದಿಲ್ಲ, ಗಡಿಯಾರದ ಪಕ್ಕದಲ್ಲಿರುವ ಮೇಲ್ಮುಖ ಬಾಣದ ಒಳಗೆ ಸೇರಿಕೊಂಡು ಓಡುತ್ತಲೇ ಇರುತ್ತವೆ. ಆ ಬಾಣವನ್ನು ಒತ್ತಿ, ಅಲ್ಲಿರುವ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಕ್ವಿಟ್ ಎಂಬುದನ್ನು ಆರಿಸಿದಾಗಲೇ ಅದು ನಿಜವಾಗಿ ನಿಲ್ಲುವುದು.

ಮೊದಲು ಹಾಗೆ ನಿಲ್ಲಿಸಿ. ಬಳಿಕ ಸೆಟ್ಟಿಂಗ್ಸ್ ತೆರೆದು, ಆ್ಯಪ್ಸ್ ವಿಭಾಗದಲ್ಲಿ ಸ್ಟಾರ್ಟಪ್ ಎಂಬಲ್ಲಿಗೆ ಹೋಗಿ. ಕಂಪ್ಯೂಟರ್ ಆನ್ ಆದೊಡನೆ ಶುರುವಾಗಲು ಹೆಸರು ಕೊಟ್ಟಿರುವ ತಂತ್ರಾಂಶಗಳ ಪಟ್ಟಿ ಅಲ್ಲಿರುತ್ತದೆ. ನಿಮಗೆ ಬೇಡವಾದದ್ದರ ಎದುರಿನ ಸ್ವಿಚ್ಚನ್ನು ಆಫ್ ಮಾಡಿ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿಯೂ ಸ್ಟಾರ್ಟಪ್ ಆ್ಯಪ್ಸ್ ಎಂಬ ಇದೇ ಪಟ್ಟಿ ಇದೆ. ಅದರಲ್ಲಿ ಯಾವುದು ಕಂಪ್ಯೂಟರಿನ ಆರಂಭವನ್ನು ಎಷ್ಟು ನಿಧಾನಗೊಳಿಸುತ್ತಿದೆ ಎಂಬುದನ್ನೂ ತೋರಿಸುತ್ತಾರೆ.

ಯಾರೂ ಬಳಸುವುದಿಲ್ಲವೆಂದು ಖಚಿತವಿದ್ದರೆ ಅಷ್ಟಕ್ಕೇ ನಿಲ್ಲದೆ ತೆಗೆದುಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಮುಂದೆ ಯಾರಾದರೂ ತಪ್ಪಿ ಅದನ್ನು ತೆರೆದರೆ, ಕೆಲವು ತಂತ್ರಾಂಶಗಳು ಸ್ಟಾರ್ಟಪ್ ಪಟ್ಟಿಗೆ ಮತ್ತೆ ತಮ್ಮ ಹೆಸರನ್ನು ಸೇರಿಸಿಕೊಳ್ಳುತ್ತವೆ. ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ಎಂಬ ದಾರಿಯಲ್ಲಿ ಹೋಗಿ, ಅದರ ಹೆಸರಿನ ಎದುರಿರುವ ಮೂರು ಚುಕ್ಕಿಗಳನ್ನು ಒತ್ತಿ, ಅನ್‌ಇನ್‌ಸ್ಟಾಲ್ ಆರಿಸಿ. ಈ ದಾರಿಯಲ್ಲಿ ತೆಗೆದರೆ ಬೇರೆ ತಂತ್ರಾಂಶಗಳಿಗೆ ಧಕ್ಕೆಯಾಗುವುದಿಲ್ಲ. ಮುಂದೆ ಬೇಕೆನಿಸಿದರೆ ಮರಳಿ ಹಾಕಿಕೊಳ್ಳಲೂಬಹುದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಬಾಣದ ಒಳಗೆ ಅದು ಅಡಗಿ ಕುಳಿತಿರುವುದು ನಿಜ, ಈಗ ನೋಡಿದೆ. ಗ್ರೂಪ್ ಪಾಲಿಸಿ ಎಂಬಲ್ಲಿ ಹೋಗಿ ಶಾಶ್ವತವಾಗಿ ತಡೆಯಬೇಕೆಂದು ಪರಿಚಿತರೊಬ್ಬರು ಹೇಳಿದರು. ನಮ್ಮ ಕಂಪ್ಯೂಟರಿನಲ್ಲಿ ಅದು ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಉತ್ತರ 2

ಸಿಗುವುದಿಲ್ಲ. ಗ್ರೂಪ್ ಪಾಲಿಸಿ ಎಡಿಟರನ್ನು ಪ್ರೊ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿ ಕೊಟ್ಟಿದ್ದಾರೆ, ಹೋಮ್ ಆವೃತ್ತಿಯಲ್ಲಿ ಕೊಟ್ಟಿಲ್ಲ. ಹತ್ತಾರು ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಕಚೇರಿಗಳಿಗೆ ಅದು ಬೇಕು. ಒಂದು ಮನೆಯ ಒಂದು ಕಂಪ್ಯೂಟರಿಗೆ ಹಿಂದಿನವರು ಹೇಳಿದ ದಾರಿಯೇ ಸಾಕು. ಅದಿಲ್ಲವೆಂದು, ವಿಂಡೋಸಿನ ಒಳಗಿನ ಸೆಟ್ಟಿಂಗುಗಳನ್ನು ಬರೆದಿಟ್ಟಿರುವ ರಿಜಿಸ್ಟ್ರಿಗೆ ಕೈಹಾಕಲು ಹೋಗಬೇಡಿ. ಅಲ್ಲಿ ತಪ್ಪು ಮಾಡಿದರೆ, ಹಿಂದಿನ ಸ್ಥಿತಿಗೆ ಮರಳಿಸಲು ಒಂದು ರೀಸ್ಟೋರ್ ಪಾಯಿಂಟನ್ನು ಮೊದಲೇ ಇಟ್ಟುಕೊಂಡಿರದಿದ್ದರೆ, ಬಹಳ ಕಷ್ಟಪಡಬೇಕಾಗುತ್ತದೆ.

ನೀವು ಅಳಿಸಲು ಹೋದ ಫೋಲ್ಡರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೈಕ್ರೋಸಾಫ್ಟ್ ಸ್ಟೋರ್ ಎಂಬ ತಂತ್ರಾಂಶಗಳ ಅಂಗಡಿಯ ಮೂಲಕ ಬರುವ ತಂತ್ರಾಂಶಗಳು ಸಾಮಾನ್ಯವಾಗಿ ಪ್ರೋಗ್ರಾಮ್ ಫೈಲ್ಸ್ ಒಳಗಿನ ವಿಂಡೋಸ್‌ಆ್ಯಪ್ಸ್ ಎಂಬ ಮರೆಯಲ್ಲಿರುವ ಫೋಲ್ಡರಿನಲ್ಲಿ ಒಟ್ಟಿಗೇ ಇರುತ್ತವೆ. ಅದರ ಒಡೆತನ ನಿಮ್ಮ ಬಳಕೆದಾರ ಖಾತೆಯದ್ದಲ್ಲ, ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ವ್ಯವಸ್ಥೆಯದ್ದು. ಆ ಒಡೆತನವನ್ನು ಬಲವಂತವಾಗಿ ನಿಮ್ಮ ಹೆಸರಿಗೆ ಮಾಡಿಕೊಂಡರೆ, ಅದೇ ಫೋಲ್ಡರಿನಲ್ಲಿರುವ ಕ್ಯಾಲ್ಕುಲೇಟರ್, ಫೋಟೋಸ್ ಮೊದಲಾದ ನಿಮಗೆ ಬೇಕಾದ ತಂತ್ರಾಂಶಗಳ ಅನುಮತಿಗಳೂ ಏರುಪೇರಾಗಿ ಅವು ತೆರೆಯದೆ ಹೋಗಬಹುದು. ನಾನು ಒಮ್ಮೆ ಇದೇ ತಪ್ಪನ್ನು ಮಾಡಿ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾಯಿತು. ಒಂದು ಇಡೀ ರಜಾದಿನ ಅದಕ್ಕೇ ಹೋಯಿತು. ನಿಮಗೆ ಅನುಮತಿ ಸಿಗದೇ ಹೋದದ್ದು ಒಳ್ಳೆಯದೇ ಆಯಿತು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಸ್ಟೋರ್ ಮಾದರಿಯ ತಂತ್ರಾಂಶವನ್ನು ಸೆಟ್ಟಿಂಗ್ಸ್ ಮೂಲಕ ತೆಗೆದಾಗ, ಅದು ಯಾವ ಬಳಕೆದಾರರ ಖಾತೆಯಲ್ಲಿ ತೆಗೆದಿರೋ ಅಲ್ಲಿಂದ ಮಾತ್ರ ಹೋಗುತ್ತದೆ. ಒಂದೇ ಕಂಪ್ಯೂಟರಿನಲ್ಲಿ ನಿಮಗೂ ತಾಯಿಯವರಿಗೂ ಬೇರೆ ಬೇರೆ ಖಾತೆಗಳಿದ್ದರೆ, ನಿಮ್ಮ ಖಾತೆಯಿಂದ ತೆಗೆದದ್ದು ಅವರ ಖಾತೆಯಲ್ಲಿ ಹಾಗೆಯೇ ಉಳಿದಿರುತ್ತದೆ. ಸ್ಟಾರ್ಟಪ್ ಪಟ್ಟಿಯಲ್ಲಿ ಮಾಡಿದ ಬದಲಾವಣೆಯನ್ನೂ ಎರಡೂ ಕಡೆ ನೋಡಿಕೊಳ್ಳಿ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗಲೂ ಪಟ್ಟಿಯನ್ನು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ಹಳೆಯ ಅನುಭವವೊಂದನ್ನು ಸೇರಿಸುತ್ತೇನೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ವಿಂಡೋಸ್ ಮೆಸೆಂಜರ್ ಎಂಬುದಿತ್ತು. ತಂತ್ರಾಂಶಗಳನ್ನು ತೆಗೆಯುವ ಪಟ್ಟಿಯಲ್ಲಿ ಅದರ ಹೆಸರೇ ಕಾಣುತ್ತಿರಲಿಲ್ಲ. ಕಾರಣ ಬಹಳ ಚಿಕ್ಕದು: ವಿಂಡೋಸಿನ ಒಂದು ಪಠ್ಯ ಕಡತದಲ್ಲಿ ಅದರ ಸಾಲಿನ ನಡುವೆ ಹೈಡ್ ಎಂಬ ಒಂದು ಪದವನ್ನು ಬರೆದಿಟ್ಟಿದ್ದರು. ಆ ಪದವನ್ನು ಅಳಿಸಿ ಕಡತವನ್ನು ಉಳಿಸಿದರೆ ಹೆಸರು ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಜೊತೆಗೆ, ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದಾಗ ಮೆಸೆಂಜರಿಗೂ ತಾನಾಗಿ ಲಾಗಿನ್ ಆಗುವ ಒಂದು ಆಯ್ಕೆ ಇತ್ತು. ಅದನ್ನು ತೆಗೆಯದೆ ಸ್ಟಾರ್ಟಪ್ ಪಟ್ಟಿಯನ್ನು ಮಾತ್ರ ಸರಿಪಡಿಸಿದವರು, ಮೇಲ್ ನೋಡಲು ಹೋದಾಗಲೆಲ್ಲ ಅದು ಮತ್ತೆ ಏಕೆ ಬರುತ್ತಿದೆ ಎಂದು ತಲೆಕೆಡಿಸಿಕೊಳ್ಳುತ್ತಿದ್ದರು.

ಆಗ ಹೆಸರಿನ ಗೊಂದಲವೂ ಬಹಳವಿತ್ತು. ಮೆಸೆಂಜರ್ ಸರ್ವಿಸ್ ಎಂಬ ಇನ್ನೊಂದು ವಸ್ತುವಿತ್ತು. ಅದು ಹರಟೆಯ ತಂತ್ರಾಂಶವಲ್ಲ, ಕಚೇರಿಯ ಜಾಲದಲ್ಲಿ ಎಚ್ಚರಿಕೆಗಳನ್ನು ಕಳುಹಿಸಲೆಂದು ಇಟ್ಟಿದ್ದ ಸೇವೆ. ಅದನ್ನು ದುರ್ಬಳಕೆ ಮಾಡಿಕೊಂಡು ಜನರ ಪರದೆಗಳಿಗೆ ಜಾಹೀರಾತುಗಳನ್ನು ಕಳುಹಿಸುತ್ತಿದ್ದರು. 2004ರಲ್ಲಿ ಎಕ್ಸ್‌ಪಿಗೆ ಎರಡನೆಯ ಸರ್ವಿಸ್ ಪ್ಯಾಕ್ ಎಂಬ ದೊಡ್ಡ ಅಪ್‌ಡೇಟ್ ಬಂದಾಗ ಅದನ್ನು ಆಫ್ ಸ್ಥಿತಿಯಲ್ಲಿಯೇ ಇಟ್ಟರು. ಹೆಸರು ಒಂದೇ ತೆರನಾಗಿದ್ದುದರಿಂದ, ಒಂದನ್ನು ನಿಲ್ಲಿಸಿ ಇನ್ನೊಂದು ನಿಲ್ಲಲಿಲ್ಲವೆಂದು ಕೊರಗಿದವರನ್ನು ನಾನು ಕಂಡಿದ್ದೇನೆ.

ಆದ್ದರಿಂದ ನಿಮ್ಮಲ್ಲಿಗೆ ಬರುವ ವಿಂಡೋದ ಹೆಸರನ್ನು ಮೊದಲು ಸರಿಯಾಗಿ ಓದಿಕೊಳ್ಳಿ. ಸ್ಟಾರ್ಟಪ್ ಪಟ್ಟಿಯಲ್ಲಿ ಅದರ ಹೆಸರು ಇಲ್ಲದಿದ್ದರೂ ಬರುತ್ತಿದ್ದರೆ, ಟಾಸ್ಕ್ ಶೆಡ್ಯೂಲರ್ ಎಂಬಲ್ಲಿ ಅದಕ್ಕೆ ಸಮಯ ಗೊತ್ತುಮಾಡಿರಬಹುದು, ಇಲ್ಲವೇ ಬೇರೊಂದು ತಂತ್ರಾಂಶವು ಅದನ್ನು ಎಬ್ಬಿಸುತ್ತಿರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನನ್ನ ಖಾತೆಯಿಂದ ಅನ್‌ಇನ್‌ಸ್ಟಾಲ್ ಮಾಡಿ, ಕೆಲಸ ಮುಗಿಯಿತೆಂದುಕೊಂಡಿದ್ದೆ. ಎರಡನೆಯ ಉತ್ತರವನ್ನು ಓದಿದ ಮೇಲೆ ತಾಯಿಯವರ ಖಾತೆಯನ್ನು ತೆರೆದು ನೋಡಿದರೆ ಅಲ್ಲಿ ಅದು ಹಾಗೆಯೇ ಇತ್ತು, ಸ್ಟಾರ್ಟಪ್ ಸ್ವಿಚ್ಚೂ ಆನ್ ಆಗಿಯೇ ಇತ್ತು. ಅಲ್ಲಿಂದಲೂ ತೆಗೆದು, ಎರಡು ಬಾರಿ ರೀಸ್ಟಾರ್ಟ್ ಮಾಡಿ, ಪ್ರತಿಸಲವೂ ಹತ್ತು ನಿಮಿಷ ಕಾದು ನೋಡಿದೆ. ವಿಂಡೋ ಬರಲಿಲ್ಲ. ಇಂದು ಬೆಳಿಗ್ಗೆ ತಾಯಿಯವರು ನಿಂತುಹೋಗಿದ್ದ ಪತ್ರವನ್ನು ಮೊದಲಿನಿಂದ ಟೈಪ್ ಮಾಡಿ ಮುಗಿಸಿದರು.