ಮಕ್ಕಳಿರುವ ತೋಟದ ಮನೆಗೆ ಕಾವಲಿಗೆ ಯಾವ ನಾಯಿ ತರಬಹುದು?

ಹಾನುಬಾಳು ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ತೋಟದ ಮಧ್ಯೆ ಒಂಟಿ ಮನೆ, ಕೂಗಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲ. ಮನೆಯಲ್ಲಿ ನಾನು, ಹೆಂಡತಿ, ಅಮ್ಮ, ಇಬ್ಬರು ಮಕ್ಕಳು. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಕೆಲಸದ ಮೇಲೆ ನಾನು ಆಗಾಗ ರಾತ್ರಿ ಹಾಸನದಲ್ಲೇ ಉಳಿಯಬೇಕಾಗುತ್ತದೆ. ಮೊದಲು ಒಂದು ಊರು ನಾಯಿ ಇತ್ತು. ಹೋದ ಮಳೆಗಾಲದಲ್ಲಿ ಜಗಲಿಯಲ್ಲಿ ಮಲಗಿದ್ದಾಗಲೇ ಚಿರತೆ ಎತ್ತಿಕೊಂಡು ಹೋಯಿತು. ಮಕ್ಕಳು ವಾರಗಟ್ಟಲೆ ಅತ್ತರು.

ಈಗ ಕಾಳುಮೆಣಸಿಗೂ ಕಾಫಿಗೂ ಒಳ್ಳೆ ರೇಟು ಇರುವುದರಿಂದ ಕಣದಲ್ಲಿ ಹರವಿದ್ದನ್ನೇ ರಾತ್ರಿ ಮೂಟೆ ಕಟ್ಟಿಕೊಂಡು ಹೋಗುತ್ತಾರೆ ಅಂತ ಸುತ್ತಮುತ್ತ ಮಾತು, ಹೆಂಡತಿಗೆ ಅದೇ ಭಯ. ಸ್ನೇಹಿತರೊಬ್ಬರು ರಾಟ್‌ವೀಲರ್ ತಗೋ, ಒಬ್ಬರೂ ಗೇಟ್ ದಾಟಲ್ಲ ಅಂತಾರೆ. ಮರಿ ಫೋಟೋ ಕೂಡ ಕಳಿಸಿದ್ದಾರೆ, ಇನ್ನೂ ತಿಂಗಳು ತುಂಬಿದ ಮರಿ. ಮಕ್ಕಳಿರುವ ಮನೆಗೆ ಇದು ಸರಿಯಾ? ಬೇರೆ ಯಾವ ತಳಿ ನೋಡಬಹುದು? ಸಾಕಿ ಗೊತ್ತಿರುವವರು ದಯವಿಟ್ಟು ಹೇಳಿ.

ಮೂಡಿಗೆರೆ ಕಾಫಿ:
ಅಣ್ಣ, ರಾಟ್‌ವೀಲರ್ ಬೇಡ. ಅದು ಕೆಟ್ಟ ನಾಯಿ ಅಂತ ಹೇಳುತ್ತಿಲ್ಲ. ಗೊತ್ತಿರುವವರ ಕೈಯಲ್ಲಿ ಬಹಳ ಒಳ್ಳೆಯ ನಾಯಿ. ಆದರೆ ಗಂಡು ನಾಯಿ ಬೆಳೆದರೆ 50 ಕೆ.ಜಿ. ದಾಟುತ್ತದೆ. ನೀವು ಹಾಸನದಲ್ಲಿದ್ದ ದಿನ ಅದನ್ನು ಹಿಡಿಯುವವರು ಯಾರು? ಅಮ್ಮನ ಕೈಲಿ ಆಗುತ್ತಾ? ಬೆಳಗ್ಗೆ ಆಳುಗಳು ಬರುತ್ತಾರೆ, ಲೈನ್ ಮನೆ (ಆಳುಗಳ ಸಾಲುಮನೆ) ಮಕ್ಕಳು ನಿಮ್ಮ ಮಕ್ಕಳ ಜೊತೆ ಆಡೋಕೆ ಬರುತ್ತಾರೆ, ಗೊಬ್ಬರದ ಲಾರಿ ಬರುತ್ತದೆ. ಹೊಸಬರನ್ನು ಕಂಡರೆ ಆಗದ ನಾಯಿಯನ್ನು ಇಂಥ ಮನೆಯಲ್ಲಿ ಇಟ್ಟರೆ ಹಗಲೆಲ್ಲಾ ಕಟ್ಟಿಹಾಕಬೇಕಾಗುತ್ತದೆ, ಹಗಲೆಲ್ಲಾ ಕಟ್ಟಿದ ನಾಯಿ ಇನ್ನೂ ಸಿಟ್ಟಿನದಾಗುತ್ತದೆ, ಆಮೇಲೆ ಒಂದು ದಿನ ಚೈನ್ ಬಿಚ್ಚಿಕೊಂಡರೆ ಎದುರಿಗೆ ಸಿಗುವುದು ಕಳ್ಳ ಅಲ್ಲ, ಯಾರದೋ ಮಗು.

ಕಾನೂನಿನ ವಿಷಯವೂ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳನ್ನು ನಿಷೇಧಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ಯಾರಿಗಾದರೂ ಕಚ್ಚಿದರೆ ಸಾಕಿದವರ ಜವಾಬ್ದಾರಿ ತಪ್ಪುವುದಿಲ್ಲ.

ನಿಮಗೆ ಬೇಕಾಗಿರುವುದು ಕಚ್ಚುವ ನಾಯಿ ಅಲ್ಲ. ಗೇಟ್ ಹತ್ತಿರ ಯಾರೋ ಬಂದರು ಅಂತ ಜೋರಾಗಿ ಬೊಗಳುವ ನಾಯಿ. ಕಳ್ಳನಿಗೆ ಸದ್ದೇ ಆಗದ ಮನೆ ಬೇಕು. ಬೊಗಳಿದ ಕೂಡಲೇ ಹೊರಗಿನ ದೀಪ ಹತ್ತಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಹಾಸನ ಶೆಫರ್ಡ್:
ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಬರೀ ಬೊಗಳಿದರೆ ಸಾಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂಟಿ ಮನೆಯಲ್ಲಿ ಹೆಂಗಸರು, ಮಕ್ಕಳು ಇರುವಾಗ ನೋಡಿದರೇ ಒಂದು ಹೆದರಿಕೆ ಹುಟ್ಟಬೇಕು. ಅದಕ್ಕೆ ಜರ್ಮನ್ ಶೆಫರ್ಡ್ ನೋಡಿ. ಹೇಳಿದ್ದು ಬೇಗ ಕಲಿಯುತ್ತದೆ, ಮನೆಯವರು ಯಾರು, ಹೊರಗಿನವರು ಯಾರು ಅಂತ ಚೆನ್ನಾಗಿ ಗೊತ್ತು ಮಾಡಿಕೊಳ್ಳುತ್ತದೆ. ಹೆಣ್ಣು ಮರಿ ತಗೊಳ್ಳಿ, ತೂಕ ಕಮ್ಮಿ, ಅಮ್ಮನೂ ಹಿಡಿಯಬಹುದು.

ಎರಡು ಎಚ್ಚರಿಕೆ. ಇದಕ್ಕೆ ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರುತ್ತದೆ. ಅದಕ್ಕೇ ಮರಿಯ ಅಪ್ಪ ಅಮ್ಮ ನಡೆಯುವುದನ್ನು ನೀವೇ ಹೋಗಿ ನೋಡಬೇಕು, ಹಿಂದಿನ ಕಾಲು ಎಳೆಯುತ್ತಿದ್ದರೆ ವಾಪಸ್ ಬನ್ನಿ. ಇನ್ನೊಂದು, ದಿನಾ ಒಂದು ಗಂಟೆಯಾದರೂ ಓಡಾಟ, ಆಟ, ಏನಾದರೂ ಕಲಿಸುವುದು ಇರಲೇಬೇಕು. ಸುಮ್ನೆ ಕೂರಿಸಿದರೆ ಬೇಜಾರಾಗಿ ಎಲೆ ಅಲ್ಲಾಡಿದರೂ ಬೊಗಳುತ್ತದೆ.

ಕಡೂರು ಬಯಲು:
ನಮ್ಮ ಮನೆಯಲ್ಲಿ ಮುಧೋಳ ನಾಯಿ ಇದೆ, ಹಾಗಾಗಿ ಅದರ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ರಾಜ್ಯದ್ದೇ ತಳಿ. 2005ರಲ್ಲಿ ಅಂಚೆ ಚೀಟಿ ಬಂತು, ಆಮೇಲೆ ಸೇನೆಯೂ ತಗೊಂಡು ತರಬೇತಿ ಕೊಟ್ಟಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಕಡೂರಿನ ಬಿಸಿಲಿಗೆ, ಬಯಲಿಗೆ ಹೇಳಿ ಮಾಡಿಸಿದ ನಾಯಿ.

ಆದರೆ ಹಾನುಬಾಳಿನ ಮಳೆಗೆ ನಾನು ಹೇಳಲಾರೆ. ಮೈಮೇಲೆ ಕೂದಲು ತೀರಾ ಕಮ್ಮಿ, ಕೊಬ್ಬೂ ಇಲ್ಲ, ಜೂನ್‌ನಿಂದ ಮೂರು ತಿಂಗಳು ನಡುಗುತ್ತಾ ಕೂರುತ್ತದೆ. ಮತ್ತೆ ಇದು ಬೇಟೆ ನಾಯಿ. ಕಣ್ಣೆದುರು ಏನಾದರೂ ಓಡಿತು ಅಂದರೆ ನೀವು ಕೂಗಿದ್ದು ಕೇಳಿಸುವುದಿಲ್ಲ. ಮೊಲದ ಹಿಂದೆ ಕಾಡಿಗೆ ನುಗ್ಗಿ, ಕಾಡುಹಂದಿಗೆ ಅಂತ ಯಾರೋ ಇಟ್ಟ ಉರುಳಿಗೆ ಸಿಕ್ಕಿದರೆ ಮುಗಿಯಿತು. ಅಪರಿಚಿತರು ಮುಟ್ಟುವುದೂ ಇದಕ್ಕೆ ಹಿಡಿಸುವುದಿಲ್ಲ. ಮೂರು ವರ್ಷದ ಮಗು ಮೇಲೆ ಬಿದ್ದು ಆಡುವ ಮನೆಗೆ ಬೇಡ ಅನ್ನಿಸುತ್ತದೆ.

ಆಲ್ದೂರು ಅಕ್ಕ:
ಯಾರೂ ಊರು ನಾಯಿ ಹೆಸರೇ ಎತ್ತಲಿಲ್ಲವಲ್ಲ! ನಮ್ಮ ಮಳೆ, ಚಳಿ, ರಕ್ತ ಹೀರುವ ಇಂಬಳ ಎಲ್ಲಾ ತಡೆದುಕೊಂಡು ಬೆಳೆದಿರುವುದು ಅದೇ. ನಿಮ್ಮ ಹಳೇ ನಾಯಿಯನ್ನು ಚಿರತೆ ಒಯ್ದಿದ್ದು ಅದು ಊರು ನಾಯಿ ಅಂತಲ್ಲ, ಜಗಲಿಯಲ್ಲಿ ಮಲಗಿತ್ತು ಅಂತ. ಶೆಫರ್ಡ್ ಮಲಗಿದ್ದರೂ ಒಯ್ಯುತ್ತಿತ್ತು. ಎಷ್ಟೋ ಸಾವಿರ ಕೊಟ್ಟು ತಂದ ನಾಯಿ ಅಂತ ಚಿರತೆಗೆ ಗೊತ್ತಾಗಲ್ಲ, ಅಲ್ವಾ?

ಲೈನ್ ಮನೆ ಹತ್ತಿರ ಮರಿ ಹಾಕಿದ್ದರೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ಹೆದರಿ ಮೂಲೆ ಸೇರುವ ಮರಿ ಬೇಡ, ಎಲ್ಲರ ಮೇಲೆ ಎಗರುವ ಮರಿಯೂ ಬೇಡ. ಮೊದಲು ನಿಂತು ನೋಡಿ, ಆಮೇಲೆ ತಾನಾಗಿ ಹತ್ತಿರ ಬಂದು ಕೈ ಮೂಸುವ ಮರಿ ಎತ್ತಿಕೊಳ್ಳಿ. ತಾಯಿ ನಾಯಿ ಜನರ ಜೊತೆ ಹೇಗಿದೆ ಅಂತಲೂ ನೋಡಿ, ತಾಯಿಯ ಗುಣ ಮರಿಯಲ್ಲಿ ಕಾಣುತ್ತದೆ.

ನಿವೃತ್ತ ಪಶುವೈದ್ಯೆ, ಚಿಕ್ಕಮಗಳೂರು:
ತಳಿ ಯಾವುದಾದರೂ ಇರಲಿ, ನಿಮ್ಮ ಮಗ ಮೂರು ವರ್ಷದವನು ಅಂತ ಓದಿದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ತಿಂಗಳ ಮರಿ ತರಬೇಡಿ. ಎಂಟು ವಾರವಾದರೂ ತಾಯಿ ಹತ್ತಿರ ಇರಲಿ. ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಅಂತ ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗಲೇ. ಬೇಗ ಬೇರೆ ಮಾಡಿದರೆ ಆ ಪಾಠವನ್ನು ನಿಮ್ಮ ಮಗನ ಕೈ ಮೇಲೆ ಕಲಿಯುತ್ತದೆ. ಮನೆಗೆ ಬಂದ ಮೇಲೆ ಮೊದಲ ಕೆಲವು ವಾರಗಳಲ್ಲೇ ಆಳುಗಳು, ಕೊಡೆ ಹಿಡಿದವರು, ಕಂಬಳಿ ಕೊಪ್ಪೆ ಹಾಕಿದವರು, ಬೈಕು, ಬೇರೆ ಮಕ್ಕಳು ಎಲ್ಲಾ ಅದಕ್ಕೆ ಪರಿಚಯ ಆಗಲಿ. ಕಾವಲು ನಾಯಿ ಯಾರನ್ನೂ ನೋಡಬಾರದು ಅಂತ ಕತ್ತಲೆ ಕೋಣೆಯಲ್ಲಿ ಬೆಳೆಸುವವರಿದ್ದಾರೆ. ಹಾಗೆ ಬೆಳೆದ ನಾಯಿ ಧೈರ್ಯದ್ದಲ್ಲ, ಹೆದರುಪುಕ್ಕಲು. ಹೆದರಿದ ನಾಯಿಯೇ ಕಚ್ಚುವುದು ಜಾಸ್ತಿ.

ಮಗುವನ್ನು, ನಾಯಿಯನ್ನು ಇಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ. ಒಂದು ನಿಮಿಷಕ್ಕೂ ಬೇಡ. ನಾಯಿ ಊಟ ಮಾಡುವಾಗ, ಮಲಗಿದಾಗ, ಮೂಳೆ ಕಡಿಯುವಾಗ ಮಕ್ಕಳು ಹತ್ತಿರ ಹೋಗಬಾರದು. ಕಚ್ಚುವ ಮೊದಲು ನಾಯಿ ಹೇಳುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಮೈ ಬಿಗಿ ಮಾಡಿ ಕಣ್ಣಂಚಲ್ಲಿ ನೋಡುತ್ತದೆ, ಆಮೇಲೆ ಗುರ್ ಅನ್ನುತ್ತದೆ. ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚುತ್ತದೆ. ಮಗುವನ್ನು ಎತ್ತಿಕೊಂಡು ದೂರ ಬನ್ನಿ, ಅಷ್ಟೇ. ನಿಮ್ಮ ಮಗಳು ಏಳು ವರ್ಷದವಳು, ಇದೆಲ್ಲಾ ಅವಳಿಗೆ ಕಲಿಸಬಹುದು.

ಲಸಿಕೆ ವಿಷಯದಲ್ಲಿ ಉದಾಸೀನ ಬೇಡ. ಆರರಿಂದ ಎಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಅನ್ನುವ ಮರಿಗಳನ್ನು ಕೊಲ್ಲುವ ರೋಗಗಳಿಗೆ ಲಸಿಕೆ ಶುರು, ಮೂರು ತಿಂಗಳಿಗೆ ರೇಬೀಸ್, ಆಮೇಲೆ ವೈದ್ಯರು ಹೇಳಿದ ಹಾಗೆ ಪ್ರತಿವರ್ಷ. ಮಲೆನಾಡಿನಲ್ಲಿ ಇಲಿ ಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ, ಆ ರೋಗ ನಾಯಿಯಿಂದ ಮನುಷ್ಯರಿಗೂ ಬರುತ್ತದೆ. ಮೈಗೆ ಹತ್ತುವ ಉಣ್ಣಿಗೆ ವೈದ್ಯರು ತೂಕ ನೋಡಿ ಕೊಡುವ ಮಾತ್ರೆ ಇದೆ. ದನಕ್ಕೆ ಹಚ್ಚುವ ಔಷಧಿಯನ್ನೇ ಅಂದಾಜಿನಲ್ಲಿ ನಾಯಿಗೆ ಬಳಿಯಬೇಡಿ, ನೆಕ್ಕಿಕೊಂಡರೆ ವಿಷ. ನಿಮ್ಮದೇ ಮರಿ ಹಲ್ಲು ತಾಗಿಸಿ ಗೀರು ಬಿದ್ದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಯಾರ ಕೈಲೂ ಆಗುವುದಿಲ್ಲ.

ತಳಿ ಕೇಳಿದಿರಿ. ನಿಮ್ಮ ಮನೆಗೆ ನಾನಾದರೆ ಊರು ನಾಯಿ ಇಲ್ಲಾ ಲ್ಯಾಬ್ರಡಾರ್ ಹೇಳುತ್ತೇನೆ. ಲ್ಯಾಬ್ ಕಳ್ಳನಿಗೂ ಬಾಲ ಅಲ್ಲಾಡಿಸುತ್ತದೆ ಅಂತಾರೆ, ಆದರೆ ಗೇಟಿನ ಆಚೆ ನಿಂತವನಿಗೆ ಕೇಳಿಸುವುದು ಅದರ ಗಡಸು ದನಿ ಮಾತ್ರ. ಮಳೆಗಾಲದಲ್ಲಿ ಅದರ ಜೋತುಬಿದ್ದ ಕಿವಿ ಒಳಗೆ ತೇವ ನಿಂತು ಸೋಂಕಾಗುತ್ತದೆ, ನೆಂದು ಬಂದಾಗಲೆಲ್ಲಾ ಒರೆಸಬೇಕು. ಶೆಫರ್ಡ್‌ಗೂ ಇದೇ ಮಾತು, ದಪ್ಪ ಕೂದಲಿನ ಬುಡ ಒಣಗದಿದ್ದರೆ ಚರ್ಮ ಕೆಡುತ್ತದೆ.

ಹಾನುಬಾಳು ತೋಟದಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ನಿಮ್ಮ ಮಾತುಗಳನ್ನು ಹೆಂಡತಿಗೂ ಅಮ್ಮನಿಗೂ ಓದಿ ಹೇಳಿದೆ. ಸ್ನೇಹಿತರಿಗೆ ಫೋನ್ ಮಾಡಿ ರಾಟ್‌ವೀಲರ್ ಬೇಡ ಅಂತ ಹೇಳಿಬಿಟ್ಟೆ. ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಮನೆಯಲ್ಲಿ ನಾಯಿ ಮರಿ ಹಾಕಿದೆ, ತಾಯಿ ಬಹಳ ಸಮಾಧಾನದ್ದು, ಮಗಳು ದಿನಾ ಅಲ್ಲೇ ಇರುತ್ತಾಳೆ. ಎಂಟು ವಾರ ತುಂಬಲಿ ಅಂತ ಕಾಯುತ್ತೇವೆ. ಒಂದೇ ಪ್ರಶ್ನೆ ಉಳಿದಿದೆ. ರಾತ್ರಿ ಮನೆ ಒಳಗೆ ಮಲಗಿಸೋಕೆ ಅಮ್ಮ ಒಪ್ಪುತ್ತಿಲ್ಲ. ಚಿರತೆಗೆ ಸಿಗದ ಹಾಗೆ ಗೂಡು ಹೇಗೆ ಮಾಡಿಸಲಿ?

ಮೂಡಿಗೆರೆ ಕಾಫಿ:
ಮನೆ ಗೋಡೆಗೆ ತಾಗಿಸಿ, ಮಲಗುವ ಕೋಣೆಗೆ ಬೊಗಳಿದ್ದು ಕೇಳಿಸುವ ಕಡೆ ಕಟ್ಟಿಸಿ. ಕೆಳಗೆ ಎರಡು ಅಡಿ ಇಟ್ಟಿಗೆ ಗೋಡೆ ಇರಲಿ, ಇಲ್ಲದಿದ್ದರೆ ಸರಳಿನ ಸಂದಿಯಲ್ಲಿ ಪಂಜ ಹಾಕಿ ಎಳೆಯುತ್ತದೆ. ಅದರ ಮೇಲೆ ಕಬ್ಬಿಣದ ಸರಳು, ಸರಳಿಗೆ ಒತ್ತಾದ ವೆಲ್ಡ್ ಮೆಶ್ (ತಂತಿ ಜಾಲರಿ). ಮೇಲ್ಗಡೆ ಬರೀ ಶೀಟ್ ಹಾಕಿ ಬಿಡಬೇಡಿ, ಶೀಟ್ ಕೆಳಗೂ ಮೆಶ್ ಬೇಕು. ನೆಲ ಸ್ವಲ್ಪ ಎತ್ತರಿಸಿ ಇಳಿಜಾರು ಕೊಡಿ, ಮಳೆ ನೀರು ನಿಲ್ಲಬಾರದು, ಒಳಗೆ ಮಲಗೋಕೆ ಮರದ ಹಲಗೆ ಹಾಕಿ. ಚಿಲಕಕ್ಕೆ ಒಂದು ಕೊಕ್ಕೆ. ರಾತ್ರಿ ತನಕ ಕಾಯಬೇಡಿ, ಹೊತ್ತು ಮುಳುಗುವ ಮೊದಲೇ ಒಳಗೆ ಹಾಕಿ. ನಮ್ಮ ಕಡೆ ಕತ್ತಲಾಗುವ ಹೊತ್ತಿಗೇ ಚಿರತೆ ಅಂಗಳಕ್ಕೆ ಬರುತ್ತದೆ. ಮಳೆ ಹಿಡಿಯುವ ಮುಂಚೆ ಮುಗಿಸಿಕೊಳ್ಳಿ ಅಣ್ಣ, ಆಮೇಲೆ ಗಾರೆಯವರು ಸಿಗಲ್ಲ.