ದಾನಿ ಹೃದಯದ ‘ವಯಬಿಲಿಟಿ’ಗೆ ಯಾವ ಪದ?

ಪ್ರಶ್ನೆ: ಹೃದಯ ಕಸಿಯ ಕೈಪಿಡಿಯೊಂದರ ಕರಡಿನಲ್ಲಿ ‘ವಯಬಿಲಿಟಿ’ಗೆ ಜೀವಂತಿಕೆ, ‘ಸ್ಟನ್ಡ್ ಹಾರ್ಟ್’ಗೆ ಸ್ತಂಭಿತ ಹೃದಯ, ‘ಇಸ್ಕೀಮಿಕ್ ಟೈಮ್’ಗೆ ರಕ್ತಹೀನತೆಯ ಅವಧಿ ಎಂದಿದೆ. ಇವು ಸರಿಯೇ?

ಉತ್ತರ: ಮೂರನ್ನೂ ಬದಲಿಸಬೇಕು. ಮಿದುಳು ಸತ್ತ ದಾನಿಯ ದೇಹದಲ್ಲಿ ಹೃದಯ ಮಿಡಿಯುತ್ತಲೇ ಇರುತ್ತದೆ, ಹಾಗಾಗಿ ಅದು ಜೀವಂತವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಕೆಲವು ಗಂಟೆ ರಕ್ತವಿಲ್ಲದೆ ಇದ್ದು, ಇನ್ನೊಬ್ಬರ ಎದೆಯಲ್ಲಿ ಮತ್ತೆ ಭಾರ ಹೊರಬಲ್ಲುದೇ ಎಂದು ನೋಡುತ್ತಾರೆ. ಅದಕ್ಕೆ ‘ಕಸಿಯೋಗ್ಯತೆ’ ಸಾಕು. ‘ಜೀವಂತಿಕೆ’ಯನ್ನು ಸ್ನಾಯುಕೋಶ ಉಳಿದಿದೆಯೇ ಎಂದು ಹೇಳಬೇಕಾದ ಕಡೆಗೆ ಮೀಸಲಿಡಿ.

‘ಸ್ತಂಭಿತ’ ಅಪಾಯದ ಪದ. ಹೃದಯಸ್ತಂಭನ ಎಂದರೆ ಹೃದಯ ನಿಂತುಹೋಗುವುದೆಂದು ಎಲ್ಲರಿಗೂ ಗೊತ್ತು. ಸ್ಟನ್ಡ್ ಹೃದಯ ನಿಂತಿರುವುದಿಲ್ಲ. ಮಿದುಳು ಸಾಯುವಾಗ ರಕ್ತಕ್ಕೆ ನುಗ್ಗುವ ಅಡ್ರಿನಲಿನ್ ಜಾತಿಯ ರಾಸಾಯನಿಕಗಳಿಂದ ಅದರ ಗೋಡೆಗಳು ಸೋತು ಮಂದವಾಗಿ ಮಿಡಿಯುತ್ತವೆ, ಅಷ್ಟೆ. ರಕ್ತದೊತ್ತಡ, ದ್ರವ, ಹಾರ್ಮೋನುಗಳನ್ನು ಸರಿದೂಗಿಸಿ 12ರಿಂದ 24 ಗಂಟೆ ಕಾದು ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮತ್ತೆ ಮಾಡಿದರೆ ಎಷ್ಟೋ ಹೃದಯಗಳು ಚೇತರಿಸಿಕೊಂಡಿರುತ್ತವೆ. ಮೊದಲ ಎಕೋ ಒಂದನ್ನೇ ನಂಬಿ ಕೈಬಿಟ್ಟರೆ ಒಳ್ಳೆಯ ಹೃದಯ ಹಾಳು. ‘ಮಂಕುಬಡಿದ ಹೃದಯ’ ಎನ್ನಿ. ತಿಳಿಯಾಗುವ ಸಾಧ್ಯತೆ ಆ ಮಾತಿನಲ್ಲೇ ಇದೆ.

ಅದೇ ಪುಟದ ‘ಹೃದಯದ ಸಾಮರ್ಥ್ಯ 55%’ ಕೂಡ ಓದುಗರನ್ನು ಸುಮ್ಮನೆ ಹೆದರಿಸುತ್ತದೆ. ಎಜೆಕ್ಷನ್ ಫ್ರಾಕ್ಷನ್ ಎಂದರೆ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಮಿಡಿತಕ್ಕೆ ಹೊರಹೋಗುವ ಪಾಲು. 55% ಆರೋಗ್ಯವಂತರ ಅಂಕಿಯೇ. ‘ಹೊರದೂಡುವ ಪಾಲು’ ಎಂದು ಬರೆದರೆ ಗೊಂದಲವಿಲ್ಲ.

ಇನ್ನು ಇಸ್ಕೀಮಿಯಾ. ‘ರಕ್ತಹೀನತೆ’ ಅನೀಮಿಯಾಗೆ ಬಹಳ ಹಿಂದೆಯೇ ಹೋಯಿತು, ಈಗ ಕಿತ್ತುಕೊಳ್ಳಲಾಗದು. ‘ರಕ್ತ ಹರಿಯದ ಅವಧಿ’ ಉದ್ದವಾದರೂ ನಿಖರ. ಆದರೆ ಪದಕ್ಕಿಂತ ಕರಡು ಕೊಟ್ಟ ವಿವರಣೆ ಹೆಚ್ಚು ತಪ್ಪಿದೆ: ‘ಹೃದಯ ಪೆಟ್ಟಿಗೆಯಲ್ಲಿರುವ ಸಮಯ’ವಂತೆ. ದಾನಿಯ ಮಹಾಪಧಮನಿಗೆ ಕ್ಲಾಂಪ್ (ರಕ್ತ ತಡೆಯುವ ಚಿಮಟ) ಹಾಕಿದ ಕ್ಷಣದಿಂದ ಸ್ವೀಕರಿಸಿದವರಲ್ಲಿ ಕ್ಲಾಂಪ್ ಬಿಚ್ಚುವವರೆಗೂ ಲೆಕ್ಕ ಓಡುತ್ತದೆ. ಬಿಡಿಸಿ ತೆಗೆಯುವುದು, ಹೊಲಿಯುವುದು ಎರಡೂ ಅದರೊಳಗೇ. ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಸಾಗಿಸುವಾಗ ರೂಢಿಯ ಮಿತಿ ಸುಮಾರು 4 ಗಂಟೆ. ಅದನ್ನು ಪೂರ್ತಿ ಪ್ರಯಾಣಕ್ಕೇ ಕೊಟ್ಟರೆ ಹೊಲಿಗೆಗೆ ಏನೂ ಉಳಿಯದು.

ರಕ್ತಪರಿಚಲನೆ ನಿಂತ ಮೇಲಿನ ದಾನದಲ್ಲಿ ‘ಬೆಚ್ಚಗಿನ ಅವಧಿ’ಯೂ, ಅಂದರೆ ಹೃದಯ ದೇಹದ ಬಿಸಿಯಲ್ಲೇ ಸಾಕಷ್ಟು ರಕ್ತವಿಲ್ಲದೆ ಕಳೆಯುವ ಸಮಯವೂ, ಸೇರುತ್ತದೆ. ಅದರ ಆರಂಭಬಿಂದು ಎಲ್ಲೆಡೆ ಒಂದೇ ಅಲ್ಲ. ಸಂಕೋಚನ ರಕ್ತದೊತ್ತಡ 90ಕ್ಕಿಂತ ಕೆಳಗಿಳಿದಾಗ ಎಣಿಸಿದವರಿದ್ದಾರೆ, 50ಕ್ಕಿಂತ ಕೆಳಗೆ ಎಂದವರೂ ಇದ್ದಾರೆ. ಆ ಅಂಕಿಯನ್ನು ಪಕ್ಕದಲ್ಲೇ ಬರೆಯದಿದ್ದರೆ ಈ ಅವಧಿಗೆ ಹೇಳುವ ‘30 ನಿಮಿಷ’ದಂಥ ಮಿತಿಗೆ ಅರ್ಥವಿಲ್ಲ.

ತೆಗೆದ ಹೃದಯಕ್ಕೆ ರಕ್ತ ಹರಿಸಿ ಮಿಡಿಯುವಂತೆ ಇಡುವ ಪರ್ಫ್ಯೂಷನ್ ಯಂತ್ರಕ್ಕೆ ‘ರಕ್ತ ಹಾಯಿಸುವ ಯಂತ್ರ’ ಸಾಕು. ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ಸ್ನಾಯು ಹೊರಬಿಡುವ ಪದಾರ್ಥ) ಎಂಬ ಪದವನ್ನು ಹಾಗೇ ಬಿಡಿ, ಕರಡಿನ ವಾಕ್ಯವನ್ನು ಮಾತ್ರ ತಿದ್ದಿ. ‘ಲ್ಯಾಕ್ಟೇಟ್ ಕಡಿಮೆಯಿರಬೇಕು’ ಎಂಬುದು ಅರ್ಧ ಮಾತು. ಹೃದಯದೊಳಗೆ ಹೋಗುವ ರಕ್ತಕ್ಕಿಂತ ಹೊರಬರುವ ರಕ್ತದಲ್ಲಿ ಅದು ಕಡಿಮೆಯಿದ್ದರೆ ಸ್ನಾಯು ಅದನ್ನು ಬಳಸಿಕೊಳ್ಳುತ್ತಿದೆ ಎಂದರ್ಥ. ಹೊರಬರುವುದರಲ್ಲೇ ಹೆಚ್ಚಿದ್ದರೆ ಮಿಡಿತ ಎಷ್ಟೇ ಚೆನ್ನಾಗಿ ಕಂಡರೂ ಅನುಮಾನಿಸಬೇಕು.